ನಮ್ಮೂರ ವಿಮರ್ಶಕರ ಮಾತು ನಂಬಿ ಸಿನಿಮಾಗೆ ಹೋಗಬಹುದಾ? ನನ್ನ ಒಂದು ವರ್ಷದ ಲೆಕ್ಕ

ನಾನು ಐಸಿಯುನಲ್ಲಿ ನರ್ಸ್. ತಿಂಗಳಲ್ಲಿ ಎರಡು ವಾರ ನೈಟ್ ಡ್ಯೂಟಿ. ನನಗೆ ಆಫ್ ಇರಬೇಕು, ಯಜಮಾನ್ರು ಬೇಗ ಬರಬೇಕು, ಮಗಳಿಗೆ ಪರೀಕ್ಷೆ ಇರಬಾರದು. ಈ ಮೂರೂ ಕೂಡಿ ಬರುವ ಸಂಜೆ ತಿಂಗಳಿಗೆ ಒಂದು ಸಿಕ್ಕರೆ ದೊಡ್ಡದು. ಆ ಒಂದು ಸಂಜೆ ಕೆಟ್ಟ ಸಿನಿಮಾಗೆ ಹೋಗಿ ಕೂತರೆ ಆಗುವ ಬೇಜಾರು ಅಷ್ಟಿಷ್ಟಲ್ಲ. ಹಾಗಾಗಿ ನಾನು ವಿಮರ್ಶೆಗಳನ್ನು ತುಂಬಾ ಗಮನ ಕೊಟ್ಟು ಓದುತ್ತೇನೆ. ಕಳೆದ ಒಂದು ವರ್ಷದಿಂದ ಲೆಕ್ಕವನ್ನೂ ಇಟ್ಟಿದ್ದೇನೆ.

ಹಳೆಯ ಡ್ಯೂಟಿ ಡೈರಿಯೊಂದು ಖಾಲಿ ಬಿದ್ದಿತ್ತು. ಎಡಗಡೆ ಪುಟದಲ್ಲಿ ವಿಮರ್ಶಕರು ಏನು ಹೇಳಿದರು ಅಂತ ಬರೆಯುತ್ತೇನೆ. ಬಲಗಡೆ ಪುಟ ಖಾಲಿ. ಸಿನಿಮಾ ನೋಡಿ ಬಂದ ಮೇಲೆ ಅದನ್ನು ತುಂಬಿಸುವುದು. ವರ್ಷದಲ್ಲಿ ಥಿಯೇಟರಿನಲ್ಲಿ ನೋಡಿದ್ದು 11 ಸಿನಿಮಾ, ಮನೆಯಲ್ಲಿ ಪೂರ್ತಿ ಮುಗಿಸಿದ್ದು 6 ವೆಬ್ ಸರಣಿ. ದೊಡ್ಡ ಲೆಕ್ಕವೇನೂ ಅಲ್ಲ. ಆದರೆ ಯಾರ ಮಾತನ್ನು ಎಷ್ಟು ನಂಬಬಹುದು ಅಂತ ತಿಳಿಯಲು ನನಗೆ ಅಷ್ಟು ಸಾಕಾಯಿತು.

ನಾನು ಓದುವುದು, ಕೇಳುವುದು ಮೂರು ಜನರನ್ನು. ಊರಿನ ಪತ್ರಿಕೆಯಲ್ಲಿ ಪ್ರತಿ ಶನಿವಾರ ಬರೆಯುವ ಹಿರಿಯ ವಿಮರ್ಶಕರು. ಬಿಡುಗಡೆ ದಿನ ಮೊದಲ ಷೋ ನೋಡಿ ಹೊರಗೆ ಬಂದವನೇ ಫೋನ್ ಹಿಡಿದು ಮಾತಾಡುವ ಯೂಟ್ಯೂಬ್ ಹುಡುಗ. ಆಮೇಲೆ ಟಿವಿ ಮತ್ತು ವೆಬ್ ಸರಣಿಗಳ ಬಗ್ಗೆ ವಾರದ ಪುರವಣಿಯಲ್ಲಿ ಬರೆಯುವ ಒಬ್ಬರು ಮೇಡಂ. ಮೂವರೂ ಇದೇ ಊರಿನವರು. ಮೂವರ ಹೆಸರನ್ನೂ ಇಲ್ಲಿ ಹಾಕುತ್ತಿಲ್ಲ. ನಿಮ್ಮೂರಲ್ಲೂ ಇಂಥವರು ಇದ್ದೇ ಇರುತ್ತಾರೆ.

ಮೊದಲು ಪತ್ರಿಕೆಯವರು.

ಅವರನ್ನು ಓದಲು ಶುರು ಮಾಡಿದಾಗ ನನಗೆ ಅಷ್ಟೇನೂ ಹಿಡಿಸಿರಲಿಲ್ಲ. ಪತ್ರಿಕೆ ವಿಮರ್ಶೆಗೆ ಅಂತಲೇ ಒಂದು ಭಾಷೆ ಇದೆ, ನಿಮಗೂ ಗೊತ್ತಿರುತ್ತದೆ. 'ಕೊಟ್ಟ ಪಾತ್ರಕ್ಕೆ ನ್ಯಾಯ ಒದಗಿಸಿದ್ದಾರೆ.' 'ಛಾಯಾಗ್ರಹಣ ಕಣ್ಣಿಗೆ ಹಬ್ಬ.' 'ದ್ವಿತೀಯಾರ್ಧಕ್ಕೆ ಇನ್ನಷ್ಟು ಕತ್ತರಿ ಪ್ರಯೋಗ ಬೇಕಿತ್ತು.' 'ಹಿನ್ನೆಲೆ ಸಂಗೀತ ಚಿತ್ರದ ಪ್ಲಸ್ ಪಾಯಿಂಟ್.' ಈ ನಾಲ್ಕು ಸಾಲನ್ನು ಯಾವ ಸಿನಿಮಾಗೆ ಬೇಕಾದರೂ ಅಂಟಿಸಬಹುದು. ಓದಿ ಮುಗಿಸಿದ ಮೇಲೂ ಆ ಸಿನಿಮಾ ಹೇಗಿದೆ ಅಂತ ಗೊತ್ತಾಗುವುದಿಲ್ಲ. ನಮ್ಮವರೂ ಅವಸರದ ವಾರಗಳಲ್ಲಿ ಹೀಗೆ ಬರೆಯುತ್ತಾರೆ. ಒಂದೇ ಶುಕ್ರವಾರ ನಾಲ್ಕೈದು ಸಿನಿಮಾ ಬಂದರೆ ಪಾಪ ಅವರಾದರೂ ಏನು ಮಾಡುತ್ತಾರೆ. ಎಲ್ಲವನ್ನೂ ನೋಡಿ, ರಾತ್ರಿಯೇ ಬರೆದು, ಪುಟದಲ್ಲಿ ಸಿಕ್ಕಷ್ಟು ಜಾಗಕ್ಕೆ ಕತ್ತರಿಸಿ ಕೊಡಬೇಕು. ಆದರೂ ಓದುವವರಿಗೆ ಅದರಿಂದ ಉಪಯೋಗ ಇಲ್ಲ ಅನ್ನುವುದು ನಿಜ.

ನನ್ನ ಮನಸ್ಸು ಬದಲಾಗಿದ್ದು ಡೈರಿಯ ಮೂರನೇ ಸಿನಿಮಾದಲ್ಲಿ. ಅಪ್ಪ ಮಗನ ಕಥೆ. ಅವರು ಬರೆದಿದ್ದರಲ್ಲಿ ಒಂದು ಸಾಲು ಹೀಗಿತ್ತು: ಅಪ್ಪ, ಮಗ ಮಾತಾಡುವಾಗ ಕ್ಯಾಮೆರಾ ಒಬ್ಬರ ಮುಖವನ್ನು ಮಾತ್ರ ತೋರಿಸುತ್ತದೆ, ಇಬ್ಬರೂ ಒಟ್ಟಿಗೆ ಯಾವಾಗ ಕಾಣುತ್ತಾರೆ ಅಂತ ಗಮನಿಸುತ್ತಿರಿ. ಅಷ್ಟೇ. ಯಾವಾಗ ಅಂತ ಅವರು ಹೇಳಲಿಲ್ಲ. ಥಿಯೇಟರಿನಲ್ಲಿ ಕೂತು ನಾನು ಕಾಯುತ್ತಿದ್ದೆ. ಜಗಳದಲ್ಲಿ ಇಲ್ಲ. ಮದುವೆ ದೃಶ್ಯದಲ್ಲಿ ಇಲ್ಲ. ಒಂದೇ ಕೋಣೆಯಲ್ಲಿದ್ದರೂ ಮಧ್ಯೆ ಬಾಗಿಲಿನ ಚೌಕಟ್ಟು. ಕೊನೆಗೆ ಒಂದು ಕಡೆ ಮಗ ಅಪ್ಪನ ಚಪ್ಪಲಿಯ ಬಾರು ಸರಿ ಮಾಡಲು ಬಗ್ಗುತ್ತಾನೆ. ಆಗ ಇಬ್ಬರೂ ಮೊದಲ ಸಲ ಒಂದೇ ಶಾಟಿನಲ್ಲಿ ಬಂದರು. ಮಾತೇ ಇಲ್ಲ. ನನ್ನ ಮಗಳು ನನ್ನ ಕೈ ಹಿಡಿದು, 'ಅಮ್ಮಾ, ಬಂದ್ರು' ಅಂದಳು. ಅವಳಿಗೆ ಈ ವಿಷಯ ನಾನೇ ಬಸ್ಸಿನಲ್ಲಿ ಓದಿ ಹೇಳಿದ್ದೆ. ಆ ಒಂದು ಸಾಲು ಓದಿರದಿದ್ದರೆ ನಾವಿಬ್ಬರೂ ಆ ಕ್ಷಣವನ್ನು ಸುಮ್ನೆ ನೋಡಿ ದಾಟಿಬಿಡುತ್ತಿದ್ದೆವು.

ಆ ಸಿನಿಮಾಗೆ ಅವರು ಎಷ್ಟು ಸ್ಟಾರ್ ಕೊಟ್ಟಿದ್ದರು ಅನ್ನುವುದು ಡೈರಿ ನೋಡಿದರೆ ಮಾತ್ರ ನನಗೆ ನೆನಪಾಗುತ್ತದೆ. ಮೂರು. ನಾನು ಬಲಗಡೆ ನಾಲ್ಕು ಬರೆದಿದ್ದೇನೆ.

ಎರಡನೆಯ ಸಂಗತಿಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಒಂದು ಥ್ರಿಲ್ಲರ್ ಬಂದಿತ್ತು. ಅದರಲ್ಲಿ ಆಸ್ಪತ್ರೆ ದೃಶ್ಯವೊಂದಿದೆ. ಮಾನಿಟರಿನ ಗೆರೆ ನೇರ ಆಗುತ್ತದೆ. ಡಾಕ್ಟರು ಓಡಿ ಬಂದು ಶಾಕ್ ಕೊಡುತ್ತಾರೆ. ರೋಗಿ ಮೇಲಕ್ಕೆ ಹಾರಿ ಬೀಳುತ್ತಾನೆ. ಗೆರೆ ಮತ್ತೆ ಕುಣಿಯುತ್ತದೆ. ನಮ್ಮ ವಿಮರ್ಶಕರು ಈ ದೃಶ್ಯ 'ತೀರಾ ನೈಜವಾಗಿದೆ' ಅಂತ ಹೊಗಳಿದ್ದರು. ಅದನ್ನು ಓದಿ ನನಗೆ ಸುಮ್ಮನಿರಲು ಆಗಲಿಲ್ಲ. ಗೆರೆ ನೇರ ಆದಾಗ ಶಾಕ್ ಕೊಡುವುದಿಲ್ಲ. ಅದರಿಂದ ಪ್ರಯೋಜನವೇ ಇಲ್ಲ. ಆಗ ಎದೆ ಒತ್ತಬೇಕು, ನಿಮಿಷಕ್ಕೆ 100ರಿಂದ 120 ಸಲ, ಮೊಣಕೈ ಮಡಚದೆ, ದೊಡ್ಡವರಾದರೆ ಎದೆ 5 ಸೆಂಟಿಮೀಟರಿನಷ್ಟಾದರೂ ಒಳಗೆ ಹೋಗುವ ಹಾಗೆ. ಜೊತೆಗೆ ಅಡ್ರಿನಲಿನ್ ಹಾಕುತ್ತೇವೆ. ಶಾಕ್ ಕೊಡುವುದು ಹೃದಯ ತಾಳ ತಪ್ಪಿ ಅಡ್ಡಾದಿಡ್ಡಿ ನಡುಗುತ್ತಿರುವಾಗ. ಗೆರೆ ಆಗ ನೇರ ಇರುವುದೇ ಇಲ್ಲ.

ಸಿನಿಮಾದಲ್ಲಿ ಇದೊಂದು ಸಣ್ಣ ತಪ್ಪು ಅಂತ ಅನ್ನಿಸಬಹುದು. ಆದರೆ ಐಸಿಯು ಬಾಗಿಲ ಹೊರಗೆ ನಿಂತ ಮನೆಯವರು ನನ್ನನ್ನು ಎಷ್ಟೋ ಸಲ ಕೇಳಿದ್ದಾರೆ, 'ಸಿಸ್ಟರ್, ಒಂದು ಸಲ ಕರೆಂಟ್ ಕೊಟ್ಟು ನೋಡಬಾರದಿತ್ತಾ?' ಅವರು ಅದನ್ನು ಕಲಿತದ್ದು ಸಿನಿಮಾದಿಂದಲೇ. ಕೊಡಬೇಕಾಗಿದ್ದನ್ನು ನಾವು ಕೊಡಲಿಲ್ಲ ಅಂತ ಅವರ ಮನಸ್ಸಿನಲ್ಲಿ ಉಳಿದುಬಿಡುತ್ತದೆ. ಅವರ ಮುಖ ನೋಡುತ್ತಾ ಉತ್ತರ ಹೇಳಬೇಕಾದವರು ನಾವು.

ನಾನು ಪತ್ರಿಕೆಗೆ ಇಮೇಲ್ ಬರೆದೆ. ಹತ್ತು ಸಾಲು. ಉತ್ತರ ಬರುತ್ತದೆ ಅಂತ ಅಂದುಕೊಂಡಿರಲಿಲ್ಲ. ಎರಡು ದಿನಕ್ಕೆ ಅವರದೇ ಉತ್ತರ ಬಂತು. 'ಮೇಡಂ, ನನಗೆ ಇದು ಗೊತ್ತಿರಲಿಲ್ಲ. ನೈಜ ಅಂತ ನಾನು ಬರೆಯಬಾರದಿತ್ತು' ಅಂದಿದ್ದರು. ಜೊತೆಗೆ ಇನ್ನೂ ಎರಡು ಪ್ರಶ್ನೆ ಕೇಳಿದ್ದರು. ವೆಂಟಿಲೇಟರ್ ಮೇಲಿರುವ ರೋಗಿ ಮಾತಾಡುವುದು ಸಾಧ್ಯವಾ, ಅಂತ ಒಂದು. ಬಾಯಿಂದ ಹಾಕಿದ ಟ್ಯೂಬು ಧ್ವನಿತಂತುಗಳ ಮಧ್ಯೆಯೇ ಹೋಗುತ್ತದೆ, ಆಗ ಮಾತು ಹೊರಡುವುದಿಲ್ಲ ಅಂತ ಬರೆದೆ. ಮುಂದಿನ ಶನಿವಾರದ ಅಂಕಣದ ಕೆಳಗೆ ಮೂರು ಸಾಲಿನ ತಿದ್ದುಪಡಿ ಬಂತು. ಅದಾದ ಮೇಲೆ ಆಸ್ಪತ್ರೆ ದೃಶ್ಯ ಇರುವ ಸಿನಿಮಾಗಳ ಬಗ್ಗೆ ಬರೆಯುವಾಗ ಅವರು ಹುಷಾರಾಗಿರುವುದನ್ನು ನಾನು ಗಮನಿಸಿದ್ದೇನೆ.

ಊರಿನ ವಿಮರ್ಶಕರನ್ನು ಓದಿ ಅಂತ ನಾನು ಎಲ್ಲರಿಗೂ ಹೇಳುವುದು ಈ ಕಾರಣಕ್ಕೇ. ಅವರಿಗೆ ನಾವು ತಿರುಗಿ ಮಾತಾಡಬಹುದು. ತಪ್ಪಿದರೆ ಕೇಳಬಹುದು. ಕೇಳಿದರೆ ಅವರು ಉತ್ತರ ಕೊಡುತ್ತಾರೆ, ಮುಂದಿನ ವಾರ ಅದೇ ಜಾಗದಲ್ಲಿ ಅದೇ ಹೆಸರಿನಲ್ಲಿ ಮತ್ತೆ ಬರುತ್ತಾರೆ.

ನಮ್ಮ ಪತ್ರಿಕೆಯವರಿಗೆ ಒಂದು ಕೊರತೆ ಇದೆ. ಕಾಮಿಡಿ ಅಂದರೆ ಅವರಿಗೆ ಅಷ್ಟಕ್ಕಷ್ಟೇ. ಅವರು ಎರಡು ಸ್ಟಾರ್ ಕೊಟ್ಟ ಎರಡು ಕಾಮಿಡಿಗೆ ನಾವು ಹೋಗಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕು ಬಂದೆವು. ಈಗ ನನಗೆ ಲೆಕ್ಕ ಗೊತ್ತು. ಕಾಮಿಡಿಗೆ ಅವರು 'ಅತಿಯಾಯಿತು' ಅಂದರೆ ನಮ್ಮ ಯಜಮಾನ್ರಿಗೆ ಅದು ಸರಿಯಾಗಿರುತ್ತದೆ. ಹಾರರ್‌ಗೆ ಅವರು 'ಪರವಾಗಿಲ್ಲ' ಅಂದರೆ ಮಗಳನ್ನು ಕರೆದುಕೊಂಡು ಹೋಗುವ ಹಾಗಿಲ್ಲ. ಅವರ ಅಭಿರುಚಿ ನನ್ನದರ ಹಾಗೆ ಇರಬೇಕು ಅಂತ ಏನೂ ಇಲ್ಲ. ವಾರದಿಂದ ವಾರಕ್ಕೆ ಬದಲಾಗದಿದ್ದರೆ ಸಾಕು.

ಯೂಟ್ಯೂಬ್ ಹುಡುಗನ ವಿಷಯ ಬೇರೆ. ಅವನಲ್ಲಿ ನನಗೆ ಇಷ್ಟವಾಗುವುದು ಅವನು ನಮ್ಮ ಹಾಗೆಯೇ ಜನರ ಮಧ್ಯೆ ಕೂತು ನೋಡಿ ಬರುತ್ತಾನೆ ಅನ್ನುವುದು. ಪತ್ರಿಕೆಯವರಿಗೆ ಕೆಲವು ಸಲ ಪ್ರೆಸ್ ಷೋ ಇರುತ್ತದೆ. ಇವನಿಗೆ ಅದಿಲ್ಲ. ಜನ ಎಲ್ಲಿ ನಕ್ಕರು, ಎಲ್ಲಿ ಫೋನ್ ತೆಗೆದರು, ಇಂಟರ್ವಲ್ ಆದ ಮೇಲೆ ಎಷ್ಟು ಸೀಟು ಖಾಲಿ ಆಯಿತು, ಇದನ್ನೆಲ್ಲ ಹೇಳುತ್ತಾನೆ. ಯಾವ ಸ್ಕ್ರೀನಿನಲ್ಲಿ ಸೌಂಡ್ ಕಿವಿಗೆ ಹೊಡೆಯುತ್ತದೆ ಅಂತಲೂ ಹೇಳುತ್ತಾನೆ. ಈ ಮಾಹಿತಿ ಪತ್ರಿಕೆಯಲ್ಲಿ ಸಿಗುವುದಿಲ್ಲ.

ಆದರೆ ಅವನಿಂದ ಒಂದು ಸಿನಿಮಾ ನನಗೆ ಪೂರ್ತಿ ಹಾಳಾಯಿತು. 'ಸ್ಪಾಯ್ಲರ್ ಇಲ್ಲ' ಅಂತ ದೊಡ್ಡದಾಗಿ ಹೇಳಿಯೇ ಶುರು ಮಾಡಿದ. ಆಮೇಲೆ, 'ಕ್ಲೈಮ್ಯಾಕ್ಸ್ ಟ್ವಿಸ್ಟ್ ಇದೆ ಗುರು, ಆ ವ್ಯಕ್ತಿ ಮೇಲೆ ನಿಮಗೆ ಡೌಟೇ ಬರಲ್ಲ' ಅಂದ. ಸಿನಿಮಾ ಶುರುವಾಗಿ ಅರ್ಧ ಗಂಟೆಯಲ್ಲಿ, ಡೌಟೇ ಬರದ ಹಾಗೆ ಇರುವ ಒಬ್ಬನೇ ಒಬ್ಬ ವ್ಯಕ್ತಿ ನನ್ನ ಕಣ್ಣಿಗೆ ಬಿದ್ದ. ಅವನೇ. ಇನ್ನೂ ಎರಡು ಗಂಟೆ ನಾನು ಗೊತ್ತಿರುವ ಉತ್ತರಕ್ಕೆ ಕಾಯುತ್ತಾ ಕೂತಿದ್ದೆ. ಕೊನೆಯಲ್ಲಿ ತಿರುವು ಇದೆ ಅಂತ ಹೇಳುವುದೂ ಗುಟ್ಟು ಬಿಟ್ಟುಕೊಟ್ಟ ಹಾಗೆಯೇ, ಅಲ್ವಾ? ಇದನ್ನು ಕಾಮೆಂಟಿನಲ್ಲಿ ಬರೆದೆ. ಲೈಕ್ ಒತ್ತಿದ. ಮುಂದಿನ ವಿಡಿಯೊದಲ್ಲಿ ಮತ್ತೆ ಅದನ್ನೇ ಮಾಡಿದ.

ಇನ್ನೊಂದು ವಿಷಯ. ಕೆಲವು ವಿಡಿಯೊಗಳ ಕೆಳಗೆ ವಿವರಣೆ ಬಿಡಿಸಿ ಓದಿದರೆ ಮಾತ್ರ ಪ್ರಚಾರಕ್ಕಾಗಿ ಅಂತ ಸಣ್ಣ ಅಕ್ಷರದಲ್ಲಿ ಇರುತ್ತದೆ. ಪ್ರಚಾರ ಮಾಡಲಿ, ಅದು ಅವನ ಹೊಟ್ಟೆಪಾಡು. ಆದರೆ ಮೊದಲ ಮಾತಿನಲ್ಲೇ ಬಾಯಿಬಿಟ್ಟು ಹೇಳಬೇಕು. ಹಣ ಪಡೆದ ಮಾತನ್ನೂ ಪಡೆಯದ ಮಾತನ್ನೂ ಒಂದೇ ದನಿಯಲ್ಲಿ ಹೇಳಿದರೆ ನಾನು ಎರಡನ್ನೂ ನಂಬಲಾರೆ. ಡೈರಿಯಲ್ಲಿ ಅವನ ಹೆಸರಿನ ಮುಂದೆ ಈಗ 'ಸೌಂಡ್, ಸೀಟು ಮಾತ್ರ' ಅಂತ ಬರೆದಿದ್ದೇನೆ.

ಶೇಕಡಾ ಅಂಕಿಗಳ ಬಗ್ಗೆಯೂ ಹೇಳಬೇಕು. ಆಸ್ಪತ್ರೆಯಲ್ಲಿ ನನ್ನ ಜೊತೆ ಕೆಲಸ ಮಾಡುವ ಹುಡುಗಿಯರೆಲ್ಲ ನೋಡುವುದು ಅದನ್ನೇ. 'ಸಿಸ್ಟರ್, 96 ಪರ್ಸೆಂಟ್ ಇದೆ, ಕಣ್ಣು ಮುಚ್ಚಿ ಹೋಗಿ' ಅನ್ನುತ್ತಾರೆ. 96 ಅಂದರೆ ನೂರಕ್ಕೆ 96 ಅಂಕ ಅಂತ ನಾನೂ ಬಹಳ ದಿನ ತಿಳಿದಿದ್ದೆ. ಹಾಗಲ್ಲ. 1998ರಲ್ಲಿ ಶುರುವಾದ ರಾಟನ್ ಟೊಮ್ಯಾಟೋಸ್ ತಾಣದಲ್ಲಿ ಆ ಅಂಕಿ ಹೇಳುವುದು ಎಷ್ಟು ಜನ ವಿಮರ್ಶಕರು ಮೆಚ್ಚಿದರು ಅನ್ನುವುದನ್ನು ಮಾತ್ರ. ಎಷ್ಟು ಮೆಚ್ಚಿದರು ಅನ್ನುವುದು ಅದರಲ್ಲಿ ಬರುವುದಿಲ್ಲ. ಹತ್ತು ಜನ ವಿಮರ್ಶಕರು 'ಪರವಾಗಿಲ್ಲ, ನೋಡಬಹುದು' ಅಂದರೂ 100. ಇನ್ನೊಂದು ಸಿನಿಮಾ ಏಳು ಜನರಿಗೆ ಪ್ರಾಣಕ್ಕಿಂತ ಹೆಚ್ಚು ಇಷ್ಟವಾಗಿ, ಮೂವರಿಗೆ ಹಿಡಿಸದಿದ್ದರೆ 70. ಅಂಕಿ 60 ಅಥವಾ ಅದಕ್ಕಿಂತ ಹೆಚ್ಚಿದ್ದರೆ ಕೆಂಪು ಟೊಮ್ಯಾಟೊ, ಕೆಳಗಿದ್ದರೆ ಹಸಿರು ಕಲೆ. ಮೆಟಾಕ್ರಿಟಿಕ್ ಅನ್ನುವ ಇನ್ನೊಂದು ತಾಣ ಬೇರೆ ಥರ ಲೆಕ್ಕ ಹಾಕುತ್ತದೆ. ಪ್ರತಿ ವಿಮರ್ಶೆಯನ್ನು ನೂರರ ಅಂಕಕ್ಕೆ ಇಳಿಸಿ, ಕೆಲವರ ಮಾತಿಗೆ ಜಾಸ್ತಿ ತೂಕ ಕೊಟ್ಟು ಸರಾಸರಿ ತೆಗೆಯುತ್ತದೆ. ಐಎಂಡಿಬಿ ತಾಣದಲ್ಲಿ ಅಂಕ ಕೊಡುವವರು ಪ್ರೇಕ್ಷಕರು, ಅಲ್ಲೂ ಅದು ಬರೀ ಸರಾಸರಿಯಲ್ಲ. ಈ ಮೂರು ಅಂಕಿಗಳನ್ನು ಪಕ್ಕಪಕ್ಕ ಇಟ್ಟು ಹೋಲಿಸುವುದು ಬಿಪಿ, ಶುಗರ್, ಜ್ವರದ ಅಂಕಿಗಳನ್ನು ಹೋಲಿಸಿದ ಹಾಗೆ.

ಯಾವ ಸಿನಿಮಾ ತೀರಾ ಕೆಟ್ಟದಾಗಿದೆ ಅಂತ ಬೇಗ ತಿಳಿಯಲು ಈ ಅಂಕಿ ಸಾಕು. ನನ್ನ ಮಗಳಿಗೆ, ನನ್ನ ಆ ಒಂದು ಸಂಜೆಗೆ ಇದು ಸರಿಹೋಗುತ್ತದಾ ಅನ್ನುವುದಕ್ಕೆ ಅದರಲ್ಲಿ ಉತ್ತರ ಇಲ್ಲ. ಅಂಕಿಗೆ ಇಮೇಲ್ ಬರೆಯಲು ಆಗುವುದಿಲ್ಲ.

ಸ್ಟಾರ್ ಕೊಡುವ ಪದ್ಧತಿಯೂ ಹಳೆಯದೇ. 1928ರಲ್ಲೇ ನ್ಯೂಯಾರ್ಕಿನ ಡೈಲಿ ನ್ಯೂಸ್ ಪತ್ರಿಕೆ ಸಿನಿಮಾಗಳಿಗೆ ಸ್ಟಾರ್ ಕೊಡಲು ಶುರು ಮಾಡಿತ್ತು. ನೆಟ್‌ಫ್ಲಿಕ್ಸ್ 2017ರಲ್ಲಿ ಸ್ಟಾರ್ ತೆಗೆದು ಹೆಬ್ಬೆಟ್ಟಿನ ಗುರುತು ತಂದಿತು, ಮೇಲಕ್ಕೆ ಅಂದರೆ ಇಷ್ಟ, ಕೆಳಕ್ಕೆ ಅಂದರೆ ಇಷ್ಟವಿಲ್ಲ. ಆ ಹೆಬ್ಬೆಟ್ಟನ್ನು ಅದಕ್ಕೂ ಬಹಳ ಮೊದಲೇ ಮನೆಮಾತು ಮಾಡಿದವರು ಷಿಕಾಗೊದ ಇಬ್ಬರು ಪತ್ರಿಕೆ ವಿಮರ್ಶಕರು, ರೋಜರ್ ಎಬರ್ಟ್ ಮತ್ತು ಜೀನ್ ಸಿಸ್ಕೆಲ್. ಒಂದೇ ಊರಿನ ಎದುರಾಳಿ ಪತ್ರಿಕೆಗಳವರು. 1975ರಲ್ಲಿ ಊರಿನದೇ ಒಂದು ಟಿವಿ ಚಾನೆಲಿನಲ್ಲಿ ಜೊತೆಯಾಗಿ ಕೂತು ಹೊಸ ಸಿನಿಮಾಗಳ ಬಗ್ಗೆ ಜಗಳ ಆಡಲು ಶುರು ಮಾಡಿದರು. ಅದೇ ವರ್ಷ ಎಬರ್ಟ್‌ಗೆ ಪುಲಿಟ್ಜರ್ ಬಂತು. ಸಿನಿಮಾ ವಿಮರ್ಶೆಗೆ ಆ ಪ್ರಶಸ್ತಿ ಪಡೆದವರಲ್ಲಿ ಅವರೇ ಮೊದಲಿಗರು. ನನಗೆ ಎಬರ್ಟ್ ಬಗ್ಗೆ ಗೌರವ ಇರುವುದು ಇನ್ನೊಂದು ಕಾರಣಕ್ಕೆ. ಕ್ಯಾನ್ಸರ್ ಆಗಿ, ಆಪರೇಷನ್‌ಗಳಾಗಿ, 2006ರಲ್ಲಿ ಅವರ ಮಾತು ನಿಂತುಹೋಯಿತು. ಬಾಯಲ್ಲಿ ಊಟ ಮಾಡುವುದೂ ನಿಂತಿತು. 2013ರಲ್ಲಿ ತೀರಿಕೊಳ್ಳುವವರೆಗೂ ಬರೆಯುವುದನ್ನು ಬಿಡಲಿಲ್ಲ. ಆ ಸ್ಥಿತಿಯಲ್ಲಿರುವ ರೋಗಿಗಳನ್ನು ನಾನು ಹತ್ತಿರದಿಂದ ನೋಡಿಕೊಂಡಿದ್ದೇನೆ. ಒಂದು ಪುಟ ಬರೆಯಲು ಎಷ್ಟು ಶಕ್ತಿ ಬೇಕು ಅಂತ ನನಗೆ ಗೊತ್ತು.

ಈಗ ಪುರವಣಿಯ ಮೇಡಂ. ಟಿವಿ, ವೆಬ್ ಸರಣಿಗೆ ನಾನು ಇವರ ಮಾತನ್ನು ಬಿಟ್ಟು ಬೇರೆ ಯಾರದ್ದನ್ನೂ ನೋಡುವುದಿಲ್ಲ.

ಸರಣಿ ವಿಮರ್ಶೆಯಲ್ಲಿ ಒಂದು ತೊಡಕಿದೆ, ಬಹಳ ಜನಕ್ಕೆ ಅದು ಗೊತ್ತಿಲ್ಲ. ಬಿಡುಗಡೆಗೆ ಮುಂಚೆ ಕಂಪನಿಗಳು ವಿಮರ್ಶಕರಿಗೆ ಲಿಂಕ್ ಕಳಿಸುತ್ತವೆ. ಬಹಳ ಸಲ ಎಲ್ಲ ಕಂತು ಇರುವುದಿಲ್ಲ, ಮೊದಲ ಕೆಲವು ಮಾತ್ರ. ಚಿತ್ರದ ಮೇಲೆ ವಿಮರ್ಶಕರ ಹೆಸರೇ ವಾಟರ್‌ಮಾರ್ಕ್ ಆಗಿ ಬಿದ್ದಿರುತ್ತದೆ. ಇಂಥ ದಿನ ಇಂಥ ಗಂಟೆಗೆ ಮುಂಚೆ ಪ್ರಕಟಿಸಬಾರದು ಅಂತ ಷರತ್ತೂ ಇರುತ್ತದೆ. ಹಾಗಾಗಿ ಮೊದಲ ದಿನವೇ ಬರುವ ಎಷ್ಟೋ ವಿಮರ್ಶೆಗಳು ಅರ್ಧ ಸರಣಿಯ ವಿಮರ್ಶೆಗಳು.

ಇದು ನನಗೆ ಗೊತ್ತಾಗಿದ್ದು ಕೆಟ್ಟ ಅನುಭವದಿಂದ. ಬೇರೆ ಒಂದು ಕಡೆ ಬಂದ ವಿಮರ್ಶೆ ಓದಿ ಎಂಟು ಕಂತಿನ ಒಂದು ಸರಣಿ ಶುರು ಮಾಡಿದೆವು. ಅತ್ತೆಯೂ ನಮ್ಮ ಜೊತೆ ಕೂತರು. ನಾಲ್ಕು ಕಂತು ಬಹಳ ಚೆನ್ನಾಗಿತ್ತು. ಐದರಿಂದ ಕಥೆ ದಾರಿ ತಪ್ಪಿತು. ಏಳನೇ ಕಂತಿನಲ್ಲಿ ಸತ್ತವನೊಬ್ಬ ಎದ್ದು ಬಂದ. ಅತ್ತೆ 'ನಾನು ಮಲಗ್ತೀನಿ ಕಣಮ್ಮ' ಅಂತ ಎದ್ದು ಹೋದರು. ಆ ವಿಮರ್ಶೆಯಲ್ಲಿ ಇದರ ಸುಳಿವೇ ಇರಲಿಲ್ಲ. ಅವರು ನೋಡಿದ್ದೇ ಮೊದಲ ನಾಲ್ಕು ಅಂತ ಆಮೇಲೆ ಅವರ ಇನ್ನೊಂದು ಬರಹದಿಂದ ಗೊತ್ತಾಯಿತು.

ನಮ್ಮ ಮೇಡಂ ಹೀಗೆ ಮಾಡುವುದಿಲ್ಲ. ಅದೇ ಸರಣಿಯ ಬಗ್ಗೆ ಅವರ ಬರಹವನ್ನು ನಾನು ತಡವಾಗಿ ಓದಿದೆ. ಮೊದಲ ಸಾಲಿನಲ್ಲೇ 'ಎಂಟರಲ್ಲಿ ನಾಲ್ಕು ಕಂತು ನೋಡಿ ಬರೆಯುತ್ತಿದ್ದೇನೆ' ಅಂತ ಇತ್ತು. ಎರಡು ವಾರ ಬಿಟ್ಟು, ಪೂರ್ತಿ ನೋಡಿ, ಇನ್ನೊಂದು ಸಣ್ಣ ಟಿಪ್ಪಣಿ ಬರೆದಿದ್ದರು. ನಾಲ್ಕನೇ ಕಂತಿಗೆ ನಿಲ್ಲಿಸಿದರೆ ನಷ್ಟ ಇಲ್ಲ ಅಂತ. ಅದನ್ನು ಮೊದಲೇ ಓದಿದ್ದರೆ ಅತ್ತೆಯ ಮುಂದೆ ನನಗೆ ಮುಜುಗರ ಆಗುತ್ತಿರಲಿಲ್ಲ.

ಅವರು ಇನ್ನೂ ಕೆಲವು ವಿಷಯಗಳನ್ನು ಮರೆಯದೆ ಬರೆಯುತ್ತಾರೆ. ಡಬ್ಬಿಂಗ್ ಹೇಗಿದೆ, ತುಟಿಗೂ ಮಾತಿಗೂ ಹೊಂದುತ್ತದಾ, ಸಬ್‌ಟೈಟಲ್ ಅಕ್ಷರ ಓದುವಷ್ಟು ಹೊತ್ತು ನಿಲ್ಲುತ್ತದಾ. ಅತ್ತೆಗೆ ಒಂದು ಕಿವಿ ಕೇಳಿಸುವುದಿಲ್ಲ, ಈ ಒಂದು ಸಾಲು ನಮಗೆ ಬಹಳ ಮುಖ್ಯ. ಬೆಳಕು ಪಟಪಟ ಮಿನುಗುವ ದೃಶ್ಯಗಳಿದ್ದರೆ ಅದನ್ನೂ ಹೇಳುತ್ತಾರೆ. ಸೆಕೆಂಡಿಗೆ 3ರಿಂದ 30 ಸಲ ಮಿನುಗುವ ಬೆಳಕಿನಿಂದ ಕೆಲವರಿಗೆ ಫಿಟ್ಸ್ ಬರಬಹುದು, ಅದರಲ್ಲೂ ಮಕ್ಕಳಿಗೆ. ಉಳಿದ ವಿಮರ್ಶಕರು ಹಾಡಿನ ಬಣ್ಣ, ಸೆಟ್ಟಿನ ವೈಭವ ಎಲ್ಲ ಬರೆಯುತ್ತಾರೆ, ಇದನ್ನು ಬಿಡುತ್ತಾರೆ. ಮಗುವಿಗೆ ಫಿಟ್ಸ್ ಇರುವ ತಾಯಿಗೆ ಇಡೀ ವಿಮರ್ಶೆಯಲ್ಲಿ ಬೇಕಾಗುವುದು ಈ ಒಂದು ಸಾಲೇ.

ಮೇಡಂ ಬರಹದಲ್ಲಿ ನನಗೆ ಹಿಡಿಸದ್ದು ಒಂದಿದೆ. ದಿನಾ ಬರುವ ಧಾರಾವಾಹಿಗಳನ್ನು ಅವರು ಮುಟ್ಟುವುದೇ ಇಲ್ಲ. ವಾರ್ಡಿನಲ್ಲಿ ರೋಗಿಗಳ ಜೊತೆಗಿರುವವರು, ನಮ್ಮ ಆಯಾಗಳು, ಅತ್ತೆ, ಎಲ್ಲರೂ ನೋಡುವುದು ಅದನ್ನೇ. ನೂರಾರು ಕಂತು ಬರೆಯುವವರು, ಒಂದೇ ಪಾತ್ರವನ್ನು ವರ್ಷಗಟ್ಟಲೆ ಹಿಡಿದಿಟ್ಟುಕೊಳ್ಳುವ ನಟಿಯರು, ಅದರಲ್ಲೂ ಒಳ್ಳೆಯದು ಕೆಟ್ಟದ್ದು ಇರುತ್ತದೆ. ತಿಂಗಳಿಗೊಮ್ಮೆ ಒಂದು ಧಾರಾವಾಹಿಯ ಬಗ್ಗೆ ಗಂಭೀರವಾಗಿ ಬರೆದರೆ ಓದುವವರು ಎಷ್ಟೋ ಜನ ಇದ್ದಾರೆ. ಮೇಡಂಗೂ ಇಮೇಲ್ ಕಳಿಸಿದ್ದೇನೆ. 'ಒಂದು ತಿಂಗಳು ಬಿಡದೆ ನೋಡಿ ಆಮೇಲೆ ಬರೆಯುತ್ತೇನೆ, ಅರ್ಧ ನೋಡಿ ಬರೆಯುವುದಿಲ್ಲ' ಅಂತ ಉತ್ತರ ಬಂದಿದೆ. ಯಾವುದರಿಂದ ಶುರು ಮಾಡಲಿ ಅಂತ ನನ್ನನ್ನೇ ಕೇಳಿದ್ದಾರೆ. ನಾಳೆ ಡ್ಯೂಟಿಗೆ ಹೋದಾಗ ಆಯಾಗಳನ್ನು ಕೇಳಿ ಹೇಳಬೇಕು.